ಸಹಾಯ ಬೇಕು: ರೇಡಿಯೇಟರ್ ಹಿಂದೆ ಫಾಯಿಲ್ ಹಾಕಿದ್ರೆ ನಿಜಕ್ಕೂ ಉಳಿತಾಯನಾ?

ನಮಸ್ಕಾರ, ಮೈಸೂರಿನ ಕುವೆಂಪುನಗರದಿಂದ ಕೇಳ್ತಿದೀನಿ. ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೇ ಇಟ್ಟಿಗೆ ಮನೇಲಿ ಬಾಡಿಗೆಗಿದ್ದಾಳೆ. ಡಿಸೆಂಬರ್‌ನಲ್ಲಿ ಹೋಗಿದ್ದಾಗ ರೇಡಿಯೇಟರ್ (ಗೋಡೆಗೆ ಹಾಕಿರೋ, ಬಿಸಿನೀರಿಂದ ಕೋಣೆ ಕಾಯಿಸೋ ಹೀಟರ್) ಹಿಂದೆ ಕೈ ತೂರಿಸಿ ನೋಡ್ದೆ. ಗೋಡೆ ಆಗಷ್ಟೇ ಒಲೆ ಆರಿಸಿದ ದೋಸೆ ಹಂಚಿನಂಗೆ ಬೆಚ್ಚಗೆ. ಒಂದು ಮಾರು ಆಚೆ ಅದೇ ಗೋಡೆ ಕೊರೆಯೋ ತಣ್ಣಗೆ. ಗ್ಯಾಸ್ ದುಡ್ಡಲ್ಲಿ ಬೀದಿ ಕಾಯಿಸ್ತಿದ್ದಾಳೆ!

ಇನ್ಸುಲೇಷನ್ (ಶಾಖ ಸೋರದಂಗೆ ತಡೆಯೋ ಪದರ) ಇಲ್ಲದ ಇಂಥ ಹೊರಗೋಡೆಗೇ ಶಾಖನ ಕೋಣೆಗೆ ವಾಪಸ್ ಕಳಿಸೋ ಪ್ರತಿಫಲಕ ಹಾಳೆ ಹೆಚ್ಚು ಉಪಯೋಗ, ಒಳಗೋಡೆಗೆ ದಂಡ ಅನ್ನೋದು ಗೊತ್ತು. ಹೊಳೆಯೋ ಮುಖದ ಮುಂದೆ ಗಾಳಿಗೆ ಜಾಗ ಬಿಡ್ಬೇಕು ಅನ್ನೋದೂ ಗೊತ್ತು. ಆದ್ರೆ ಅಡುಗೆಮನೆ ಫಾಯಿಲನ್ನೇ ರಟ್ಟಿಗೆ ಅಂಟಿಸಿ ಇಳಿಬಿಟ್ರೆ ಸಾಕಾ, ಹಿಂದೆ ಫೋಮ್ ಇರೋ ಹಾಳೆನೇ ಬೇಕಾ? ಸಂದು ಎರಡೇ ಬೆರಳು, ಬಾಡಿಗೆ ಮನೆ ಬೇರೆ, ಮೊಳೆ ಹೊಡೆಯೋ ಹಂಗಿಲ್ಲ.

ಅಲ್ಲಿದ್ದು ಹಾಕಿಸಿದೋರು ಯಾರಾದ್ರೂ ಇದ್ದೀರಾ? ಬಿಲ್ಲಲ್ಲಿ ವ್ಯತ್ಯಾಸ ಕಾಣ್ತಾ, ಹಾಳೆ ಹಿಂದೆ ಬೂಸ್ಟು ಬಂತಾ, ದಯವಿಟ್ಟು ಹೇಳಿ.