ಹಳೇ ಎಕ್ಸೆಲ್ ಶೀಟಲ್ಲಿ =+ , -- , ಫ್ಲವರ್ ಬ್ರಾಕೆಟ್ಟು... ಇವನ್ನೆಲ್ಲ ತೆಗೀಬಹುದಾ?

ಪ್ರಶ್ನೆ: ಈ ಕೆಲಸ ನೋಡ್ಕೋತಿದ್ದೋರು ರಿಟೈರ್ ಆದ್ರು, ಅವ್ರ ಖರ್ಚಿನ ಶೀಟು ನನ್ ತಲೆಗೆ ಬಂತು. ಪ್ರತಿ ಫಾರ್ಮುಲಾನೂ =+ ಅಂತ ಶುರುವಾಗುತ್ತೆ, ಕೆಲವು ಕಡೆ ಎರಡೆರಡು ಮೈನಸ್ಸು, ಕೆಲವಕ್ಕೆ ಫ್ಲವರ್ ಬ್ರಾಕೆಟ್ಟು. ಎಲ್ಲಾ ಗುಡಿಸಿ ಕ್ಲೀನ್ ಮಾಡ್ಬಿಡೋಣ ಅನ್ಸ್ತಿದೆ. ಯಾರಾದ್ರೂ ಇಂಥದ್ದಕ್ಕೆ ಕೈ ಹಾಕಿದೀರಾ?

---

=+ ನೋಡಿದ್ರೆ ಬರೆದೋರ ವಯಸ್ಸು ಗೊತ್ತಾಗುತ್ತೆ ಅಷ್ಟೆ :) 1983ರಲ್ಲಿ ಲೋಟಸ್ 1-2-3 ಅಂತ ಒಂದು ಹಳೇ ಸ್ಪ್ರೆಡ್‌ಶೀಟ್ ಬಂತಲ್ಲ, ಅದ್ರಲ್ಲಿ ಬಿ4 ಅಂತ ಅಕ್ಷರದಿಂದ ಶುರು ಮಾಡಿದ್ರೆ ಬರೀ ಹೆಸರು ಅನ್ಕೊಂಡ್ಬಿಡೋದು, ಲೆಕ್ಕ ಅಂತ ಹೇಳೋಕೆ ಮುಂದೆ + ಹಾಕ್ಬೇಕಿತ್ತು. ಎಕ್ಸೆಲ್ಲೂ ಅದನ್ನ ಒಪ್ಕೊಂಡು ತಾನೇ ಮುಂದೆ = ಸೇರಿಸ್ಕೊಳ್ಳುತ್ತೆ. ಕೀಬೋರ್ಡಿನ ನಂಬರ್ ಪ್ಯಾಡಲ್ಲಿ + ದಪ್ಪಗೆ ಕೈಗೆ ಸಿಗುತ್ತೆ, = ಸಾಮಾನ್ಯವಾಗಿ ಇರಲ್ಲ, ಹಂಗಾಗಿ ಲೋಟಸ್ ಮುಖಾನೇ ನೋಡ್ದಿರೋ ಅಕೌಂಟ್ಸ್ ಹುಡುಗ್ರೂ ಹಂಗೇ ಹೊಡೀತಾರೆ. ಅದ್ರಿಂದ ಉತ್ತರ ಏನೂ ಬದಲಾಗಲ್ಲ, ಇದ್ರೆ ಇರ್ಲಿ ಬಿಡಿ.

---

ಪ್ಲಸ್ ಸರಿ, ಆದ್ರೆ ಎರಡು ಮೈನಸ್ ಮುಟ್ಟಬೇಡಿ!! ನಾನು ಮುಟ್ಟಿ ಅನುಭವಿಸಿದೀನಿ. =ಸಮ್‌ಪ್ರಾಡಕ್ಟ್(--(ಎ2:ಎ90="ರಿಪೇರಿ"),--(ಬಿ2:ಬಿ90=3),ಸಿ2:ಸಿ90) ಅಂತಿತ್ತು (ಸಮ್‌ಪ್ರಾಡಕ್ಟ್ ಅಂದ್ರೆ ಸಾಲು ಸಾಲಾಗಿ ಗುಣಿಸಿ ಎಲ್ಲಾ ಕೂಡೋದು), ಮೈನಸ್ಸಿಗೆ ಮೈನಸ್ಸು ಹೋದ್ರೆ ಏನೂ ಉಳಿಯಲ್ವಲ್ಲ, ಇದೆಂಥಾ ದಡ್ಡತನ ಅಂತ ಎಲ್ಲಾ ಅಳಿಸ್ದೆ, ಟೋಟಲ್ ಸೊನ್ನೆ ಬಂತು, ಎರರ್ ಅಂತಾನೂ ತೋರಿಸ್ಲಿಲ್ಲ, ಆ ಸೊನ್ನೆ ಮೀಟಿಂಗ್ ತನಕ ಹೋಯ್ತು. ಬ್ರಾಕೆಟ್ ಒಳಗಿನ ಹೋಲಿಕೆ ಕೊಡೋದು ಟ್ರೂ, ಫಾಲ್ಸ್. ಸಮ್‌ಪ್ರಾಡಕ್ಟ್ ಅದನ್ನ ಸಂಖ್ಯೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಒಂದು ಮೈನಸ್ ಟ್ರೂನ -1 ಮಾಡುತ್ತೆ, ಇನ್ನೊಂದು ವಾಪಸ್ 1 ಮಾಡುತ್ತೆ, ಅಷ್ಟಕ್ಕೇ ಆ ಸರ್ಕಸ್ಸು. ಎರಡು ಕಂಡೀಷನ್ ಇದ್ರೆ ಈಗ ಸಮ್‌ಇಫ್ಸ್ ಹಾಕ್ತೀವಿ, ಅದು ಬಂದಿದ್ದೇ ಎಕ್ಸೆಲ್ 2007ರಲ್ಲಿ. ಪಾಪ ಅವ್ರು ಅದಕ್ಕೂ ಮುಂಚೆ ಬರೆದಿರ್ತಾರೆ.

---

ಬ್ರಾಕೆಟ್ ಬಗ್ಗೆ ನಾ ಹೇಳ್ತೀನಿ. ಅದನ್ನ ಯಾರೂ ಕೈಯಿಂದ ಟೈಪ್ ಮಾಡಿಲ್ರಿ, ಇಡೀ ರೇಂಜಿನ ಮ್ಯಾಲೆ ಒಂದೇ ಸಲ ಲೆಕ್ಕ ಮಾಡ್ಲಿ ಅಂತ ಕಂಟ್ರೋಲ್ ಶಿಫ್ಟ್ ಎಂಟರ್ ಒತ್ತಿದ್ರ ತಾನಾಗೇ ಬರ್ತದ. ಹಳೇ ವರ್ಷನ್ನಿನಾಗ ಆ ಸೆಲ್ ಒಳಗ ಹೋಗಿ ಸುಮ್ನ ಎಂಟರ್ ಒತ್ತಿದ್ರ ಬ್ರಾಕೆಟ್ ಹಾರಿಹೋಗಿ ಉತ್ತರಾನೂ ತಪ್ಪಬಹುದು, ನೋಡಿದ್ರ ಎಸ್ಕೇಪ್ ಒತ್ತಿ ಹೊರಗ ಬರ್ರಿ. ಹೊಸ ಮೈಕ್ರೋಸಾಫ್ಟ್ 365ನಾಗ ಆ ಕಾಟ ಇಲ್ಲ, ಆದ್ರ ಹಳೇ ಫೈಲ್ ತೆಗೆದಾಗ ಕೆಲವು ಫಾರ್ಮುಲಾದಾಗ @ ಕಾಣಿಸ್ತದ, ಈ ಸಾಲಿಂದು ಒಂದೇ ಬೆಲೆ ತಗೋ ಅಂತ ಅರ್ಥ. ಅದನ್ನ ಕಿತ್ತಿದ್ರ ಉತ್ತರ ಕೆಳಗಿನ ಸೆಲ್ಲಿಗೆಲ್ಲ ಚೆಲ್ಲಬಹುದು.

---

ಫಾರ್ಮುಲಾ ಬಾರಲ್ಲಿ ಒಂದು ತುಂಡು ಸೆಲೆಕ್ಟ್ ಮಾಡಿ ಎಫ್9 ಒತ್ತಿದ್ರೆ ಆ ತುಂಡಿನ ಉತ್ತರ ಅಲ್ಲೇ ಕಾಣುತ್ತೆ, ನನಗೆ ಇದೇ ಗುರು. ಆಮೇಲೆ ಮೇಲೆ ಹೇಳಿದಂಗೆ ಎಸ್ಕೇಪೇ ಒತ್ಬೇಕು, ಎಂಟರ್ ಒತ್ತಿದ್ರೆ ಆ ತುಂಡು ಹೋಗಿ ನಂಬರ್ ಶಾಶ್ವತವಾಗಿ ಕೂತ್ಕೊಳ್ಳುತ್ತೆ, ಪೂರ್ತಿ ಸೆಲೆಕ್ಟ್ ಆಗಿದ್ರೆ ಇಡೀ ಫಾರ್ಮುಲಾನೇ ಹೋಗುತ್ತೆ. ಬಹುಶಃ ಆ ಶೀಟಲ್ಲಿ ಆಗ್ಲೇ ಅಂಥವು ಒಂದೆರಡು ಇರುತ್ವೆ. ಗೋ ಟು ಸ್ಪೆಷಲ್‌ನಲ್ಲಿ ಕಾನ್‌ಸ್ಟೆಂಟ್ಸ್ (ಫಾರ್ಮುಲಾ ಇಲ್ದೆ ನೇರವಾಗಿ ಕೂತಿರೋ ಬೆಲೆಗಳು) ಆರಿಸಿ, ಫಾರ್ಮುಲಾ ಇರ್ಬೇಕಾದ ಜಾಗದಲ್ಲಿ ಕೂತಿರೋ ಕಳ್ಳ ನಂಬರ್‌ಗಳು ಸಿಕ್ಕಿಬೀಳುತ್ವೆ. ನಿಜವಾದ ಅಪಾಯ ಅಲ್ಲಿರೋದು, ಪ್ಲಸ್ಸು ಮೈನಸ್ಸಲ್ಲಿ ಅಲ್ಲ.

---

ಇನ್ನೊಂದು, ಟೋಟಲ್ ಮೇಲೆ ಒಂದು ಖಾಲಿ ಸಾಲು ಬಿಟ್ಟು ಅದನ್ನೂ ಸಮ್ ಒಳಗೆ ಸೇರಿಸಿದ್ರೆ ಅದು ತಪ್ಪಲ್ಲ, ಬೇಕಂತಲೇ ಮಾಡಿರೋದು, ಖಾಲಿ ಸಾಲಿನ ಮೇಲೆ ಹೊಸ ಸಾಲು ಸೇರಿಸಿದ್ರೆ ರೇಂಜ್ ತಾನಾಗೇ ಹಿಗ್ಗುತ್ತೆ. ಎ1:ಎ65536 ಅಂತ ಕಂಡ್ರೆ ಹಳೇ ಎಕ್ಸೆಲ್ಲಲ್ಲಿ ಸಾಲು ಇದ್ದಿದ್ದೇ ಅಷ್ಟು. ಏನಾದ್ರೂ ಬದಲಿಸ್ಲೇಬೇಕಂದ್ರೆ ಕಾಪಿಯಲ್ಲಿ ಬದಲಿಸಿ, ಪಕ್ಕದ ಕಾಲಂನಲ್ಲಿ ಹಳೇ ಉತ್ತರದಿಂದ ಹೊಸದನ್ನ ಕಳೀರಿ, ಎಲ್ಲಾ ಸೊನ್ನೆ ಬರೋ ತನಕ ಹಳೇದನ್ನ ಬಿಸಾಕಬೇಡಿ.

---

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್, ಮೈನಸ್ ಮುಟ್ಟಿಲ್ಲ. ಒಂದು ಫಾರ್ಮುಲಾ ಕೊನೇಲಿ +ಎನ್("ಕೊನೇ ತಿಂಗಳು ಬಾಡಿಗೆ ಎರಡು ಸಲ ಬರುತ್ತೆ, ತಪ್ಪಲ್ಲ") ಅಂತ ಸಿಕ್ತು. ಆ ಎನ್ ಒಳಗೆ ಕೋಟ್ಸ್ ಹಾಕಿ ಏನು ಬರೆದ್ರೂ ಬೆಲೆ ಸೊನ್ನೇನಂತೆ, ಅಂದ್ರೆ ಫಾರ್ಮುಲಾ ಒಳಗೇ ಚೀಟಿ ಬರೆದಿಟ್ಟು ಹೋಗಿದಾರೆ. ಆ ಎರಡನೇ ಬಾಡಿಗೆಯನ್ನ ನಾನು ನಿನ್ನೆ ತಾನೇ ಡೂಪ್ಲಿಕೇಟ್ ಅಂತ ಅಳಿಸಿದ್ದೆ. ಈಗ ವಾಪಸ್ ಹಾಕ್ತಾ ಇದೀನಿ.