ಕ್ಯಾನೊಪಿ ಮೇಲಿನ ಫಿಲ್ಮ್ ಪೇಂಟ್ ಮುಗಿಯುವವರೆಗೂ ಬಿಡಬಹುದೇ?

ಪ್ರಶ್ನೆ:
ಮನೆಯಲ್ಲಿ ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ಕ್ಯಾನೊಪಿ (ಸೀಟುಗಳ ಮೇಲಿನ ಪಾರದರ್ಶಕ ಅಕ್ರಿಲಿಕ್ ಮುಚ್ಚಳ) ಮೇಲೆ ಗೀರು ಬೀಳದಂತೆ ಅಂಟಿಸಿದ ಕಾರ್ಖಾನೆಯ ಫಿಲ್ಮ್ ಹಾಗೇ ಇದೆ. ಅಂಚಿಗೆ ಫೈಬರ್‌ಗ್ಲಾಸ್ ಫೇರಿಂಗ್ (ಸಂದಿಯನ್ನು ನುಣುಪಾಗಿ ಮುಚ್ಚುವ ಪಟ್ಟಿ) ಕೂರಿಸಿ, ಉಜ್ಜಿ, ಪೇಂಟ್ ಹೊಡೆಯುವವರೆಗೆ ಅದೇ ಸಾಕೇ?

ಉತ್ತರ 1:
ಬಿಡಿ, ಆದರೆ ಬಿಸಿಲು ತಾಗಿಸಬೇಡಿ. ಬಿಸಿಗೆ ಅಂಟು ಬೆಂದು ಹೋದರೆ ಫಿಲ್ಮ್ ಚೂರುಚೂರಾಗಿ ಕಿತ್ತು ಬರುತ್ತದೆ. ಕೆಲಸವಿರುವ ಅಂಚಿನಲ್ಲಿ ಮಾತ್ರ ನಾಲ್ಕೈದು ಸೆಂ.ಮೀ. ಎತ್ತಿ ಕತ್ತರಿಯಿಂದ ಕತ್ತರಿಸಿ. ಅಕ್ರಿಲಿಕ್ ಮೇಲೇ ಇಟ್ಟು ಬ್ಲೇಡ್ ಎಳೆದರೆ ಆ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುತ್ತದೆ.

ಫೇರಿಂಗ್ ಗಡಿಗೆ ಎಲೆಕ್ಟ್ರಿಕಲ್ ಟೇಪ್ ಎರಡು ಪದರ ಹಾಕಿ, ಕೆಳಗೊಂದು ಬಣ್ಣ, ಮೇಲೊಂದು ಬಣ್ಣ. ಉಜ್ಜುವಾಗ ಕೆಳಗಿನ ಬಣ್ಣ ಇಣುಕಿದ ಕ್ಷಣ ಕೈ ನಿಲ್ಲಿಸಿ, ಮೇಲೆ ಹೊಸ ಟೇಪ್ ಹಾಕಿ. ರೆಸಿನ್ (ಫೈಬರ್‌ಗ್ಲಾಸ್ ಬಟ್ಟೆಯನ್ನು ಗಟ್ಟಿಯಾಗಿಸುವ ಅಂಟು) ಹಿಡಿಯಬೇಕಾದ ಪಟ್ಟಿಯನ್ನು 80 ನಂಬರ್ ಪೇಪರಿನಿಂದ ಪೂರ್ತಿ ಮಂಕಾಗುವಂತೆ ತಿಕ್ಕಿ. ಹೊಳಪು ಉಳಿದ ಕಡೆ ಫೇರಿಂಗ್ ಬಿಟ್ಟುಕೊಳ್ಳುತ್ತದೆ. ರೆಸಿನ್ ಎಪಾಕ್ಸಿಯೇ ಆಗಿರಲಿ. ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಅಕ್ರಿಲಿಕ್ಕನ್ನು ತಿನ್ನುತ್ತದೆ.

ಉತ್ತರ 2:
ಪೇಂಟಿಗೆ ಕಾರ್ಖಾನೆ ಫಿಲ್ಮ್ ನಂಬಬೇಡಿ, ಅದರ ಅಂಚಿನಡಿ ಥಿನ್ನರ್ ನುಸುಳುತ್ತದೆ. ಗಡಿಗೆ ಫೈನ್‌ಲೈನ್ ವಿನೈಲ್ ಟೇಪ್ ಎಳೆದು ಉಗುರಿನಿಂದ ಒತ್ತಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್, ಉಳಿದ ಜಾಗಕ್ಕೆ ಮಾಸ್ಕಿಂಗ್ ಪೇಪರ್. ಫಾಯಿಲ್ ದಾಟಿ ಸಾಲ್ವೆಂಟ್ ಇಳಿಯುವುದಿಲ್ಲ, ಕಾಗದದಿಂದ ಇಳಿಯುತ್ತದೆ. ಪೇಂಟಿಗೆ ಮುಂಚೆ ಲೋಹ ಒರೆಸುವಾಗ ಬಟ್ಟೆಯನ್ನು ಕಿಟಕಿಯಿಂದ ಆಚೆಗೆ ಎಳೆಯಿರಿ. ಅಸಿಟೋನ್, ಎಂಇಕೆಯಂಥ (ಮೀಥೈಲ್ ಈಥೈಲ್ ಕೀಟೋನ್) ಸಾಲ್ವೆಂಟ್ ಹತ್ತಿರವೂ ತರಬೇಡಿ. ಒತ್ತಡದಲ್ಲಿರುವ ಅಂಚಿಗೆ ಅದರ ಹಸಿ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಪಾಲಿಶ್‌ಗೆ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು:
ಬೆಂದ ಅಂಟು ಈಗಾಗಲೇ ಒಂದು ಕಿಟಕಿಯಲ್ಲಿ ಉಳಿದಿದೆ. ಪೆಟ್ರೋಲ್ ನಡೆಯುತ್ತದೆಯೇ?

ಉತ್ತರ 2:
ಖಂಡಿತ ಬೇಡ, ಅಮೋನಿಯಾ ಇರುವ ಗಾಜಿನ ಕ್ಲೀನರೂ ಬೇಡ. ಸೀಮೆಎಣ್ಣೆ ಅಥವಾ ಅಲಿಫ್ಯಾಟಿಕ್ ನ್ಯಾಫ್ತಾದಲ್ಲಿ (ಅಕ್ರಿಲಿಕ್ಕಿಗೆ ಸೌಮ್ಯವಾದ ಪೆಟ್ರೋಲಿಯಂ ಸಾಲ್ವೆಂಟ್) ಮೆತ್ತನೆ ಬಟ್ಟೆ ನೆನೆಸಿ ಅಂಟಿನ ಮೇಲಿಡಿ, ಮೆತ್ತಗಾದ ಮೇಲೆ ಬೆರಳಿನಿಂದ ಉರುಳಿಸಿ ತೆಗೆಯಿರಿ. ಆಮೇಲೆ ಸೋಪು ನೀರು.

ಉತ್ತರ 3:
ಫಿಲ್ಮ್ ಕೀಳುವ ಮುಂಚೆ ಅಂಚಿನಲ್ಲಿ ಕೂತ ಗ್ಲಾಸ್ ಪುಡಿಯನ್ನು ವ್ಯಾಕ್ಯೂಮ್ ಮಾಡಿ ನೀರು ಬಿಟ್ಟು ತೊಳೆಯಿರಿ. ಒಣ ಬಟ್ಟೆಯಿಂದ ತಿಕ್ಕಿದರೆ ಸ್ಟ್ಯಾಟಿಕ್ ಹುಟ್ಟಿ ಧೂಳನ್ನೇ ಎಳೆದುಕೊಳ್ಳುತ್ತದೆ, ಆ ಧೂಳೇ ಗೀರುತ್ತದೆ.

ಸ್ಕ್ರೂಗಳ ವಿಷಯವನ್ನು ಯಾರೂ ಎತ್ತಲಿಲ್ಲ, ಆದರೆ ಕಿಟಕಿ ಹೆಚ್ಚಾಗಿ ಹಾಳಾಗುವುದು ಅಲ್ಲೇ. 1 ಮೀಟರ್ ಅಕ್ರಿಲಿಕ್ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ತೂತು ಸ್ಕ್ರೂಗಿಂತ 3 ಮಿ.ಮೀ. ದೊಡ್ಡದಿರಲಿ, ನಟ್ ಬಿಗಿ ಮಾಡಿ ಒಂದು ಪೂರ್ತಿ ಸುತ್ತು ಸಡಿಲಿಸಿ. ಸಡಿಲವಾಯಿತೆಂದು ಥ್ರೆಡ್‌ಲಾಕರ್ (ನಟ್ ಕಳಚದಂತೆ ಹಿಡಿಯುವ ದ್ರವ ಅಂಟು) ಹಚ್ಚಬೇಡಿ, ಅದು ಅಕ್ರಿಲಿಕ್‌ಗೆ ಇಳಿದರೆ ತೂತಿನಿಂದಲೇ ಸೀಳುತ್ತದೆ. ನೈಲಾನ್ ಇನ್ಸರ್ಟ್ ಇರುವ ಲಾಕ್‌ನಟ್ ಹಾಕಿ.