ಚಿಪ್ ಒಳಗಿನ ನೆಟ್‌ವರ್ಕ್ ಬಗ್ಗೆ ಎಂಟೆಕ್ ಸೆಮಿನಾರ್: ನಡೆಸಿದವರು ಹೇಳಿ

ಕಾರವಾರದ ಮೇಡಂ ಕೇಳಿದ್ದು

ನಮಸ್ಕಾರ. ಬರುವ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ ಆನ್ ಚಿಪ್ (ಒಂದೇ ಚಿಪ್ ಒಳಗಿನ ಹಲವು ಪ್ರೊಸೆಸರ್‌ಗಳನ್ನು ಜೋಡಿಸುವ ನೆಟ್‌ವರ್ಕ್) ಸೆಮಿನಾರ್ ಕೋರ್ಸ್ ನನ್ನ ಪಾಲಿಗೆ ಬಂದಿದೆ. ಹತ್ತು ಮಕ್ಕಳೂ ಇಲ್ಲ. ವಾರಕ್ಕೊಂದು ಪೇಪರ್ ಹಂಚಿದರೆ ಒಬ್ಬರು ಸ್ಲೈಡ್ ಓದುತ್ತಾರೆ, ಉಳಿದವರು ಮೊಬೈಲ್ ಒತ್ತುತ್ತಾರೆ. ಲ್ಯಾಬ್ ಕಂಪ್ಯೂಟರ್‌ಗಳು ಹಳೆಯವು. ಮಳೆ ಹಿಡಿದರೆ ಕರೆಂಟನ್ನೂ ನಂಬುವ ಹಾಗಿಲ್ಲ. ಯಾವ ಪೇಪರ್, ಯಾವ ಸಿಮ್ಯುಲೇಟರ್, ಅಂಕ ಹೇಗೆ?

ಶಿರಸಿಯ ಮೇಷ್ಟ್ರು

ಮೇಡಂ, ಶುರುವಿನಲ್ಲಿ ಪೇಪರ್ ಮುಟ್ಟಿಸಲೇಬೇಡಿ. ಬೋರ್ಡ್ ಮೇಲೆ 8×8 ಮೆಶ್ ಬರೆದು, ಅಂದರೆ 64 ನೋಡ್‌ಗಳನ್ನು ಚೌಕುಳಿಯಾಗಿಟ್ಟು ಅಕ್ಕಪಕ್ಕದವನ್ನು ಲಿಂಕ್‌ನಿಂದ ಜೋಡಿಸಿ, ಲೆಕ್ಕ ಮಾಡಿಸಿ. ಎಲ್ಲ ನೋಡ್‌ಗಳೂ (ತಮ್ಮನ್ನೂ ಸೇರಿಸಿ) ಎಲ್ಲ ಕಡೆಗೂ ಸಮನಾಗಿ ಪ್ಯಾಕೆಟ್ ಕಳಿಸಿದರೆ ಸರಾಸರಿ 5.25 ಹಾಪ್; ಒಂದು ಲಿಂಕ್ ದಾಟಿದರೆ ಒಂದು ಹಾಪ್. ಈಗ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆಯ 32 ನೋಡ್‌ಗಳ ಅರ್ಧ ಟ್ರಾಫಿಕ್ ಬಲಕ್ಕೆ ದಾಟಬೇಕು, ದಾಟಲು ಇರುವುದು 8 ಲಿಂಕ್. ಒಂದು ಲಿಂಕ್ ಒಂದು ಸೈಕಲ್‌ಗೆ ಸಾಗಿಸುವುದು ಒಂದು ಫ್ಲಿಟ್, ಅಂದರೆ ಪ್ಯಾಕೆಟ್ಟಿನ ಒಂದು ತುಂಡು. ಹಾಗಾಗಿ ರೂಟರ್ (ಪ್ರತಿ ನೋಡ್‌ನಲ್ಲಿ ಪ್ಯಾಕೆಟ್‌ಗೆ ದಾರಿ ತೋರುವ ಭಾಗ) ಎಷ್ಟೇ ಚೆನ್ನಾಗಿದ್ದರೂ ಒಂದು ನೋಡ್ ಒಂದು ಸೈಕಲ್‌ಗೆ ಅರ್ಧ ಫ್ಲಿಟ್‌ಗಿಂತ ಜಾಸ್ತಿ ಹಾಕುವಂತಿಲ್ಲ. ಈ 0.5 ತಲೆಯಲ್ಲಿ ಕೂತ ಮೇಲೆ, ಟ್ರಾಫಿಕ್ ಹೆಚ್ಚಿದಂತೆ ಲೇಟೆನ್ಸಿ (ಪ್ಯಾಕೆಟ್ ತಲುಪಲು ಹಿಡಿಯುವ ಸಮಯ) ಹೇಗೆ ಏರುತ್ತದೆ ಎಂಬ ಗ್ರಾಫ್ ತೋರಿಸಿ. ಲೇಟೆನ್ಸಿ ಗೆರೆ 0.4ಕ್ಕೇ ಮೇಲೆದ್ದರೆ ಉಳಿದದ್ದು ಎಲ್ಲಿ ಹೋಯ್ತು ಅಂತ ಅವರೇ ಕೇಳುತ್ತಾರೆ. ಬಫರ್ (ಫ್ಲಿಟ್‌ಗಳು ಕಾಯುವ ಜಾಗ), ವರ್ಚುವಲ್ ಚಾನೆಲ್ (ಒಂದೇ ಲಿಂಕನ್ನು ಹಂಚಿಕೊಳ್ಳುವ ಬೇರೆ ಬೇರೆ ಸಾಲುಗಳು), ಆರ್ಬಿಟ್ರೇಷನ್ (ಮೊದಲು ಯಾರು ಎಂದು ತೀರ್ಮಾನಿಸುವುದು) ಎಲ್ಲ ಆ ಪ್ರಶ್ನೆಯ ಹಿಂದೆಯೇ ಬರುತ್ತವೆ.

ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತ ಯಾರೂ ಮುಂದೆ ಹೋಗದ ಸ್ಥಿತಿ) ವಿವರಿಸಲು ಕೊಂಕಣ ರೈಲ್ವೆಯೇ ಸಾಕು. ಒಂಟಿ ಹಳಿಯಲ್ಲಿ ಕ್ರಾಸಿಂಗ್‌ಗೆ ಕಾಯದವರು ನಿಮ್ಮಲ್ಲಿ ಯಾರಿದ್ದಾರೆ? ಗಾಡಿ ಲೂಪ್‌ಗಿಂತ (ಕ್ರಾಸಿಂಗ್‌ಗೆ ನಿಲ್ಲುವ ಪಕ್ಕದ ಹಳಿ) ಉದ್ದವಿದ್ದರೆ ಬಾಲ ಮುಖ್ಯ ಹಳಿಯಲ್ಲೇ ಉಳಿಯುತ್ತದೆ. ವರ್ಮ್‌ಹೋಲ್ ವಿಧಾನದಲ್ಲಿ ಹಲವು ರೂಟರ್‌ಗಳ ಉದ್ದಕ್ಕೂ ಚಾಚಿಕೊಂಡು ಸಾಗುವ ಪ್ಯಾಕೆಟ್ ಮಾಡುವುದೂ ಅದನ್ನೇ. ಆಮೇಲೆ ಡೆಡ್‌ಲಾಕ್ ತಪ್ಪಿಸುವ ಬಗ್ಗೆ 1987ರ ಡ್ಯಾಲಿ–ಸೈಟ್ಸ್ ಪೇಪರ್, ಅದರ ಬೆನ್ನಿಗೆ ಕೆಲವು ತಿರುವುಗಳನ್ನು ಮುಚ್ಚಿ ಅದನ್ನೇ ಸಾಧಿಸುವ 1992ರ ಗ್ಲಾಸ್–ನೀ ಟರ್ನ್ ಮಾಡೆಲ್ ಪೇಪರ್ ಕೊಡಿ. ಮೆಶ್‌ನಲ್ಲಿ ಇರುವ ಎಂಟು ತಿರುವುಗಳಲ್ಲಿ ಎಕ್ಸ್‌ವೈ ರೂಟಿಂಗ್ (ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಹೋಗುವುದು) ನಾಲ್ಕನ್ನು ಮುಚ್ಚುತ್ತದೆ. ನಿಜಕ್ಕೂ ಎರಡು ಮುಚ್ಚಿದರೆ ಸಾಕು, ಆದರೆ ಯಾವ ಎರಡು? ಬಲಸುತ್ತು, ಎಡಸುತ್ತು ಎಂದು ನಾಲ್ಕು ನಾಲ್ಕು ತಿರುವುಗಳ ಎರಡು ಸುತ್ತು; ಪ್ರತಿ ಸುತ್ತಿನಿಂದ ಒಂದೊಂದು ಆರಿಸಿದರೆ 16 ಬಗೆ. ಅದರಲ್ಲಿ 12 ಮಾತ್ರ ಡೆಡ್‌ಲಾಕ್ ತಪ್ಪಿಸುತ್ತವೆ. ಕೈಕೊಡುವ ನಾಲ್ಕನ್ನು ಹುಡುಕಲು ಬಿಡಿ. ಒಂದು ಗಂಟೆ ಮೊಬೈಲ್ ನೆನಪೇ ಆಗುವುದಿಲ್ಲ.

ಕುಮಟಾದವನು, ಈಗ ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ

ಸರ್ ಹೇಳಿದ್ದು ಸರಿ, ಆದರೆ ಯೂನಿಫಾರ್ಮ್ ಟ್ರಾಫಿಕ್‌ಗೇ (ಎಲ್ಲ ಕಡೆಗೂ ಸಮನಾಗಿ ಕಳಿಸುವುದು) ನಿಲ್ಲಬೇಡಿ. ಅದು ಎಲ್ಲ ಡಿಸೈನನ್ನೂ ಚಂದ ಕಾಣಿಸುತ್ತದೆ. ಟ್ರಾನ್ಸ್‌ಪೋಸ್ ಹಾಕಿಸಿ, ಅಂದರೆ (x, y) ನೋಡ್ (y, x)ಗೆ ಮಾತ್ರ ಕಳಿಸುವುದು. ಎಕ್ಸ್‌ವೈನಲ್ಲಿ ಅಂಚಿನ ಸಾಲಿನ ಏಳು ನೋಡ್‌ಗಳ ಪ್ಯಾಕೆಟ್‌ಗಳೆಲ್ಲ ಒಂದೇ ಲಿಂಕ್ ಮೇಲೆ ಬಂದು ಬೀಳುತ್ತವೆ. ಮಿತಿ 0.5ರಿಂದ ಏಳನೇ ಒಂದಕ್ಕೆ ಇಳಿಯುತ್ತದೆ.

ಸಿಮ್ಯುಲೇಟರ್ ಅಂದರೆ ಬುಕ್‌ಸಿಮ್. ಸಿ++ನಲ್ಲಿ ಬರೆದ ಸಣ್ಣ ಪ್ರೋಗ್ರಾಂ, ಹಳೆ ಮೆಷಿನ್‌ನಲ್ಲೂ ಓಡುತ್ತದೆ. ಒಂದು ಕಾನ್ಫಿಗ್ ಫೈಲಿನಲ್ಲಿ ಇಂಜೆಕ್ಷನ್ ರೇಟ್ (ನೋಡ್‌ಗಳು ಪ್ಯಾಕೆಟ್ ಹಾಕುವ ವೇಗ) ಬದಲಿಸುತ್ತ ಹೋದರೆ ಗ್ರಾಫ್ ಸಿಗುತ್ತದೆ. ಜೆಮ್5 ಎಂಬ ಇಡೀ ಕಂಪ್ಯೂಟರ್ ಸಿಮ್ಯುಲೇಟರ್‌ನ ನೆಟ್‌ವರ್ಕ್ ಭಾಗ ಗಾರ್ನೆಟ್ ಒಳ್ಳೆಯದೇ, ಆದರೆ ಅದನ್ನು ಕಂಪೈಲ್ ಮಾಡಲು ಮೆಮೊರಿ ಜಾಸ್ತಿ ಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಆ ದಿನದ ಕ್ಲಾಸ್ ಮುಗೀತು.

ಹೊನ್ನಾವರದವಳು, ಪಿಎಚ್‌ಡಿ ಮಾಡುತ್ತಿದ್ದೇನೆ

ಮೇಡಂ, ವಿದ್ಯಾರ್ಥಿಯ ಕಡೆಯಿಂದ ಒಂದು ಮಾತು. ಪೇಪರ್ ಒಂಟಿಯಾಗಿ ಕೊಡಬೇಡಿ, ಜಗಳ ಆಡುವ ಜೋಡಿ ಕೊಡಿ. 2009ರಲ್ಲಿ ಮೊಸಿಬ್ರೋಡಾ ಮತ್ತು ಮುತ್ಲು ರೂಟರ್‌ನಿಂದ ಬಫರ್ ತೆಗೆದರೆ ವಿದ್ಯುತ್ ಚೆನ್ನಾಗಿ ಉಳಿಯುತ್ತದೆ ಎಂದರು. 2010ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಬಫರನ್ನೇ ಸರಿಯಾಗಿ ಕಟ್ಟಿದರೆ ಆ ಉಳಿತಾಯ ತೀರಾ ಕಮ್ಮಿ ಎಂದು ತೋರಿಸಿತು. ಇಬ್ಬರಿಗೆ ಒಂದೊಂದು ಪಕ್ಷ ಹಂಚಿ. ತಾಳಮದ್ದಲೆ ಕೇಳಿ ಬೆಳೆದ ಮಕ್ಕಳು, ವಾದ ಮಾಡಲು ಯಾರೂ ಕಲಿಸಬೇಕಾಗಿಲ್ಲ ಮಾರಾಯ್ರೆ.

ನಿಜವಾದ ಚಿಪ್‌ಗೂ ಒಂದು ವಾರ ಇಡಿ. ಟಿಲೇರಾ ಕಂಪನಿಯ 2007ರ 64 ಕೋರ್ ಚಿಪ್ ಟೈಲ್64ರಲ್ಲಿ 8×8 ಮೆಶ್ ಒಂದಲ್ಲ, ಐದು. ಚಿಪ್ ಒಳಗೆ ತಂತಿ ಅಗ್ಗ, ಹಾಗಾಗಿ ಟ್ರಾಫಿಕ್ಕನ್ನು ವರ್ಚುವಲ್ ಚಾನೆಲ್‌ಗಳಲ್ಲಿ ಬೇರ್ಪಡಿಸುವ ಬದಲು ಬೇರೆ ಬೇರೆ ನೆಟ್‌ವರ್ಕನ್ನೇ ಹಾಕಿದರು. ಅದು ಸರಿಯೋ ತಪ್ಪೋ ಎಂಬುದೇ ಒಳ್ಳೆ ಪರೀಕ್ಷೆ ಪ್ರಶ್ನೆ.

ಅಂಕ: ಸ್ಲೈಡ್‌ಗೆ ಕಮ್ಮಿ ಇಡಿ. ಕೇಳುವವರು ಹಿಂದಿನ ದಿನವೇ ಒಂದು ಪ್ರಶ್ನೆ ಬರೆದು ಕೊಡಲಿ, ಅಂಕ ಅದಕ್ಕೆ. ಪೇಪರಿನ ಒಂದು ಗ್ರಾಫನ್ನಾದರೂ ತಾವೇ ಬುಕ್‌ಸಿಮ್‌ನಲ್ಲಿ ತೆಗೆದು ತೋರಿಸಿದವರಿಗೆ ದೊಡ್ಡ ಪಾಲು.

ಮತ್ತೆ ಕುಮಟಾದವನು

ಪಿಡಿಎಫ್, ಬುಕ್‌ಸಿಮ್ ಎರಡನ್ನೂ ಜೂನ್‌ಗೆ ಮೊದಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡಿ ಮೇಡಂ. ಬುಕ್‌ಸಿಮ್ ಕಂಪೈಲ್ ಮಾಡಲು ಫ್ಲೆಕ್ಸ್, ಬೈಸನ್ ಎಂಬ ಟೂಲ್‌ಗಳೂ ಬೇಕಾಗುತ್ತವೆ, ಅವನ್ನು ಮರೆಯಬೇಡಿ.